ಬದುವಿನ ಮೇಲಿನ ಬಿಳಿ ಕಲ್ಲುಗಳು

ಬದುವಿನ ಮೇಲೆ ನಾಲ್ಕು ಬಿಳಿಯ ಕಲ್ಲುಗಳಿದ್ದವು. ತೆಂಗಿನಕಾಯಿಗಿಂತ ತುಸು ಚಿಕ್ಕವಾದ, ಹಳ್ಳದ ನೀರಿನಲ್ಲಿ ಉರುಳುರುಳಿ ನುಣುಪಾದ ಕಲ್ಲುಗಳು. ಅವುಗಳಿಗೆ ಯಾರೋ ದಪ್ಪವಾಗಿ ಸುಣ್ಣ ಬಳಿದಿದ್ದರು. ಬಳಿದ ಸುಣ್ಣ ಬುಡದ ಹುಲ್ಲಿಗೂ ಹತ್ತಿ ಒಣಗಿತ್ತು. ಮುಂಜಾನೆಯ ಓರೆ ಬಿಸಿಲಿನಲ್ಲಿ ನಾಲ್ಕರ ನೆರಳೂ ಒಂದೇ ದಿಕ್ಕಿಗೆ ಒರಗಿ, ಕರಿಯ ಎರೆಮಣ್ಣಿನ ಮೇಲೆ ಇನ್ನಷ್ಟು ಕರಿದಾಗಿ ಬಿದ್ದಿತ್ತು. ಅವುಗಳ ಹಿಂದೆ ಹಾಲುಗಾಳು ಕಟ್ಟಿದ ಬಿಳಿಜೋಳ. ಜೋಳದ ಅಂಚಿಗೆ ಬನ್ನಿಯ ಮರ. ಮರದ ಒಂದು ಮಗ್ಗುಲಿನ ಕೊಂಬೆಗಳನ್ನು ಕಡಿಯಲಾಗಿತ್ತು. ಕಡಿದ ಗಾಯಗಳು ಇನ್ನೂ ಕೆಂಪಗಿದ್ದವು, ಮುಳ್ಳುಕೊಂಬೆಗಳ ರಾಶಿ ಬುಡವನ್ನು ಮುಚ್ಚಿಕೊಂಡು ಬಿದ್ದಿತ್ತು. ಅದರಾಚೆ ವಿಮಾನ ನಿಲ್ದಾಣದ ತಂತಿಬೇಲಿ. ಬೇಲಿಯ ಒಳಗೆ, ಕಂಬದ ತುದಿಯಲ್ಲಿ, ಗಾಳಿಯ ದಿಕ್ಕು ತೋರಿಸುವ ಕಿತ್ತಳೆ ಬಣ್ಣದ ಬಟ್ಟೆಚೀಲ ಗಾಳಿಯಿಲ್ಲದೆ ಜೋತುಬಿದ್ದಿತ್ತು.

ಊರುಗೋಲಿನ ಮೇಲೆ ಭಾರ ಹಾಕಿ ನಿಂತ ಗಾಳೆಪ್ಪ ಇದನ್ನೆಲ್ಲ ಬಹಳ ಹೊತ್ತು ನೋಡಿದ. ಬಂಡಿಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡು ಬಾಗಲಕೋಟೆಯ ದವಾಖಾನೆ ಸೇರಿದ್ದವನು ಹಿಂದಿನ ಸಂಜೆಯಷ್ಟೇ ಊರಿಗೆ ಮರಳಿದ್ದ. ಹೆಂಡತಿ ಮರೆವ್ವ ಬೇಡವೆಂದು ಗದರಿದರೂ ಕೇಳದೆ, ಬೆಳಕು ಹರಿಯುತ್ತಲೇ ಕುಂಟುತ್ತ ಹೊಲಕ್ಕೆ ಬಂದಿದ್ದ. ಜೋಳದ ತೆನೆ ನೋಡಬೇಕೆಂದು ಬಂದವನ ಕಣ್ಣಿಗೆ ಮೊದಲು ಬಿದ್ದದ್ದು ಈ ಸುಣ್ಣ.

ಸುಣ್ಣ ಬಳಿದ ಕಲ್ಲೆಂದರೆ ಏನೆಂದು ಈ ಸೀಮೆಯಲ್ಲಿ ಈಗ ಯಾರಿಗೂ ಹೇಳಬೇಕಾಗಿರಲಿಲ್ಲ. ಬಾದಾಮಿಯ ಗುಹೆ, ಐಹೊಳೆಯ ಗುಡಿ ನೋಡಲು ಬರುವವರಿಗೆಂದು ಕೆಲವು ವರ್ಷಗಳ ಹಿಂದೆ ಈ ಎರೆಭೂಮಿಯಲ್ಲಿ ಪುಟ್ಟ ವಿಮಾನ ನಿಲ್ದಾಣವೊಂದು ಎದ್ದಿತ್ತು. ಈಗ ಅದರ ರನ್‌ವೇ ಉದ್ದವಾಗಬೇಕಾಗಿತ್ತು. ಬೇಲಿ ಮುಂದೆ ಸರಿಯಬೇಕು, ಬೇಲಿಯ ಗುಂಟ ರಸ್ತೆ ಬರಬೇಕು. ಆ ಬೇಲಿ ಈ ಬದುವಿನ ಬಡಗಣಕ್ಕೆ ಬಂದರೆ ಗಾಳೆಪ್ಪನ ಹೊಲ ಹೋಗುತ್ತಿತ್ತು. ತೆಂಕಣಕ್ಕೆ ಬಂದರೆ ಬದುವಿನ ಆಚೆಯ ಅಹ್ಮದಸಾಬನ ಹೊಲ. ಇಬ್ಬರಲ್ಲಿ ಒಬ್ಬನದು ಉಳಿಯುವುದೆಂದು ಮಾತ್ರ ಎಲ್ಲರೂ ಹೇಳುತ್ತಿದ್ದರು. ಮೂಡಣದ ಹೊಲಗಳಲ್ಲಿ ಸರ್ವೆಯವರು ಆಗಲೇ ಕಲ್ಲು ಹುಗಿದು, ಸುಣ್ಣ ಬಳಿದು, ಮೇಲೆ ಕೆಂಪು ಬಣ್ಣದಿಂದ ಅಂಕಿ ಬರೆದುಹೋಗಿದ್ದರು. ಇಲ್ಲಿ ಅಂಕಿ ಇರಲಿಲ್ಲ. ಕಲ್ಲುಗಳನ್ನು ಹುಗಿದೂ ಇರಲಿಲ್ಲ. ಇಂದು ಇಟ್ಟವರು ನಾಳೆ ಹುಗಿಯುತ್ತಾರೆ, ನಾಡಿದ್ದು ಬರೆಯುತ್ತಾರೆ ಎಂದುಕೊಂಡ ಗಾಳೆಪ್ಪ. ಬದುವಿನ ಬಡಗಣ ಅಂಚಿನಲ್ಲಿ, ಅವನ ಜೋಳಕ್ಕೆ ಹತ್ತಿಕೊಂಡೇ ಅವು ಕುಳಿತಿದ್ದವು.

ಅವನಿಗೆ ದವಾಖಾನೆಯ ಒಂದು ಮಧ್ಯಾಹ್ನ ನೆನಪಾಯಿತು. ಅಹ್ಮದಸಾಬ ಪಾವ್ ರೊಟ್ಟಿ, ಬಾಳೆಹಣ್ಣು ಕಟ್ಟಿಕೊಂಡು ನೋಡಲು ಬಂದಿದ್ದ. ಎತ್ತಿನ ಸುದ್ದಿ ಹೇಳಿದ, ಜೋಳಕ್ಕೆ ಬಂದ ಹಕ್ಕಿಯ ಸುದ್ದಿ ಹೇಳಿದ. "ಎಳ್ಳಮಾಸಿ ಬಂದು ಹೋತಲ್ಲೋ ಅಣ್ಣಾ, ಈ ವರ್ಷ ಭೂಮಿತಾಯಿಗೆ ಒಂದು ತುತ್ತು ಚರಗಾ ಚೆಲ್ಲಾಕ ಆಗಲಿಲ್ಲ" ಎಂದು ಮರೆವ್ವ ಹಲುಬಿದಾಗ ಅವನು ತಲೆ ತಗ್ಗಿಸಿ ಬಾಳೆಹಣ್ಣಿನ ಸಿಪ್ಪೆ ಮಡಚುತ್ತ ಕುಳಿತಿದ್ದ. ಸರ್ವೆಯ ಮಾತನ್ನು ಎತ್ತಲೇ ಇಲ್ಲ. ಆಗ ಅದು ಮೌನವಾಗಿ ಮಾತ್ರ ಕಂಡಿತ್ತು. ಈಗ, ಬಿಳಿ ಕಲ್ಲುಗಳ ಎದುರಿನಲ್ಲಿ, ಆ ತಗ್ಗಿದ ತಲೆಗೆ ಬೇರೆಯೇ ಅರ್ಥ ಮೂಡತೊಡಗಿತು.

ಗಾಳೆಪ್ಪ ಊರುಗೋಲನ್ನು ಬದುವಿಗೆ ಆನಿಸಿಟ್ಟ. ನೆಟ್ಟಗಿನ ಕಾಲಿನ ಮೇಲೆ ನಿಂತು, ಮುರಿದದ್ದನ್ನು ಹಿಂದಕ್ಕೆ ಚಾಚಿ, ನೋವಿಗೆ ಹಲ್ಲು ಕಚ್ಚಿ ಬಾಗಿದ. ಒಂದೊಂದೇ ಕಲ್ಲನ್ನು ಎತ್ತಿ ಬದು ಮುಗಿಯುವಲ್ಲಿ ಕೆಳಗೆ ಹರಿಯುವ ಹಳ್ಳಕ್ಕೆ ಎಸೆದ. ನಾಲ್ಕನೆಯದು ನೀರಿಗೆ ಬಿದ್ದ ಮೇಲೆ ಬದು ಮೊದಲಿನಂತೆಯೇ ಕಂಡಿತು; ಹುಲ್ಲಿಗೆ ಹತ್ತಿದ ಸುಣ್ಣವನ್ನು ಮೆಟ್ಟಿನಿಂದ ಉಜ್ಜಿದ.

ಮನೆಗೆ ಹೋಗದೆ ಅವನು ನಿಲ್ದಾಣದ ಗೇಟಿನ ಎದುರಿಗಿರುವ ಹಣಮಪ್ಪನ ಚಹಾದಂಗಡಿಗೆ ನಡೆದ. ಮೊದಲ ಸಲ ಭೂಮಿ ಹೋದಾಗ ಹಣಮಪ್ಪ ಹೊಲ ಕಳೆದುಕೊಂಡಿದ್ದ. ಈಗ ಆ ಹೊಲದ ಮುಂದೆಯೇ ಟ್ಯಾಕ್ಸಿಯವರಿಗೆ ಚಹಾ ಮಾರುತ್ತಿದ್ದ.

"ಬರ್ರಿ ಬರ್ರಿ, ಗಾಳೆಪ್ಪ ಮಾವಾ. ಕಾಲಿನಾಗ ಕಬ್ಬಿಣದ ಸಳಿ ಹಾಕ್ಯಾರಂತಲ್ಲ. ಇನ್ನ ನೀವು ಆ ಗೇಟಿನಾಗ ಹಾದ್ರ ಕುಂಯ್ ಅಂತೈತಿ ನೋಡ್ರಿ, ಪೊಲೀಸರು ಧೋತರಾ ಬಿಚ್ಚಿಸಿ ನೋಡ್ತಾರ."

"ಬಿಚ್ಚಿಸ್ಲಿ ಬಿಡು. ಸರ್ವೇದವ್ರು ನಮ್ಮ ಕಡೆ ಬಂದಿದ್ರೇನು?"

"ಬಂದಿದ್ರೇನು ಅಂತೀರಲ್ಲ. ವಿಮಾನ ಇಳಿಯೂದು ವಾರದಾಗ ಒಂದೆರಡು ಸಲ, ಅವರು ಇಳಿಯೂದು ದಿನಾ. ನಿಮ್ಮ ಬನ್ನಿ ಗಿಡದ ಟೊಂಗಿ ಕಡದ್ರಲ್ಲ, ಅಡ್ಡ ಬರತೈತಿ, ದುರ್ಬೀನಿನಾಗ ಕಾಣಂಗಿಲ್ಲ ಅಂತ."

"ಆವಾಗ ಅಹ್ಮದ ಅಲ್ಲಿದ್ದನೇನು?"

ಹಣಮಪ್ಪ ಕೈಯಲ್ಲಿದ್ದ ಗ್ಲಾಸನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದ. "ನಾ ಏನೂ ಹೇಳಂಗಿಲ್ಲಪ. ಹೇಳಿದ್ರ ಹಣಮ್ಯಾ ಹಚ್ಚಿಕೊಟ್ಟ ಅಂತೀರಿ. ಇದ್ದ. ಅವರಿಗೆ ಚಾ ಇಲ್ಲಿಂದನ ಒಯ್ದ. ಕೈ ಮಾಡಿ ಏನೋ ತೋರಸ್ತಿದ್ದ."

"ಯಾವ ಕಡೆ?"

"ಇಲ್ಲಿಂದ ಹೆಂಗ ಕಾಣಬೇಕ್ರಿ, ಮಾವಾ? ನಿಮ್ಮ ಗಿಡದ ಕಡೆ ಇದ್ದಂಗಿತ್ತು. ನನ್ನ ಕಣ್ಣಿಗೆ ಆಪರೇಶನ್ ಬ್ಯಾರೆ ಆಗೇತಿ." ಅವನು ನಕ್ಕು, ಗಾಳೆಪ್ಪನ ಮುಂದೆ ಚಹಾ ಇಟ್ಟ. "ಇರ್ಲಿ, ಕುಡೀರಿ. ಸಕ್ಕರಿ ಜಾಸ್ತಿ ಹಾಕೀನಿ."

ಚಹಾ ಕುಡಿದು ಮುಗಿಯುವಷ್ಟರಲ್ಲಿ ಗಾಳೆಪ್ಪನ ಮನಸ್ಸಿನಲ್ಲಿ ಒಂದು ನಿಶ್ಚಯ ಕೂತಿತ್ತು. ಎತ್ತನ್ನು ಬಿಡಿಸಿಕೊಂಡು ಬರಬೇಕು.

ಗಾಳೆಪ್ಪನ ಬಳಿ ಒಂದೇ ಎತ್ತು. ಅಹ್ಮದಸಾಬನ ಬಳಿಯೂ ಒಂದೇ. ಇಬ್ಬರ ಮೀಸೆಯೂ ಕಪ್ಪಾಗಿದ್ದ ಕಾಲದಿಂದ ಹಾಗೆಯೇ ನಡೆದುಕೊಂಡು ಬಂದಿತ್ತು. ಎರಡು ಎತ್ತು ಸಾಕುವ ಮೇವು ಒಬ್ಬನ ಹೊಲದಲ್ಲಿಲ್ಲ. ಒಂದೇ ಎತ್ತಿನಿಂದ ಬೇಸಾಯವಿಲ್ಲ. ಆದ್ದರಿಂದ ಎರಡನ್ನೂ ಒಂದು ನೊಗಕ್ಕೆ ಹೂಡಿ, ಒಂದು ದಿನ ಬದುವಿನ ಈಚೆ, ಮರುದಿನ ಆಚೆ ಕುಂಟೆ ಹೊಡೆಯುತ್ತಿದ್ದರು. ಎತ್ತು ಮುದಿಯಾದರೆ ತನ್ನದನ್ನು ತಾನು ಮಾರಿ, ಇನ್ನೊಬ್ಬನ ಎತ್ತಿನ ಎತ್ತರಕ್ಕೆ ಹೊಂದುವುದನ್ನೇ ಹುಡುಕಿ ತರುತ್ತಿದ್ದರು. ಟ್ರ್ಯಾಕ್ಟರು ಬಂದ ಮೇಲೂ ಬೆಳೆಯ ಸಾಲುಗಳ ನಡುವೆ ಎಡೆ ಹೊಡೆದು ಕಳೆ ತೆಗೆಯಲು ಎತ್ತೇ ಬೇಕಾಗಿತ್ತು. ಜೊತೆಗಾರನನ್ನು ಕೇಳದೆ ಎತ್ತನ್ನು ಮಾರಬಾರದೆಂಬುದು ಈ ಕಡೆ ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆ. ಗಾಳೆಪ್ಪನ ಕಾಲು ಮುರಿದ ದಿನದಿಂದ ಎರಡೂ ಅಹ್ಮದಸಾಬನ ಮನೆಯಲ್ಲಿದ್ದವು.

"ನಾಳೆ ಅಮೀನಗಡದ ಸಂತಿ ಐತಿ. ಎತ್ತು ಹೊಡಕೊಂಡು ಹೋಗ್ತೇನಿ" ಎಂದ ಗಾಳೆಪ್ಪ, ಮಧ್ಯಾಹ್ನ ಊಟಕ್ಕೆ ಕುಳಿತಾಗ.

ಮರೆವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಯಾಕ?"

"ಹೊಲಾನ ಇರದಿದ್ರ ಎತ್ತು ತಗೊಂಡು ಏನು ಮಾಡೂದೈತಿ?"

"ಹೊಲಾ ಹೋಕ್ಕೈತಿ ಅಂತ ಯಾರು ಅಂದ್ರು? ಹಣಮಪ್ಪನೇನು? ಅವಂದು ಹೋತಲ್ಲ, ಎಲ್ಲಾರದೂ ಹೋಗ್ಲಿ ಅಂತಾನ."

"ಅಹ್ಮದ ಮುಂದ ನಿಂತು ತೋರಿಸ್ಯಾನ."

"ನಿಮ್ಮನ್ನ ಹೊತಗೊಂಡು ದವಾಖಾನಿಗೆ ಹೋದಾವ ಯಾರ್ರಿ? ಇಷ್ಟು ದಿನಾ ನಿಮ್ಮ ಎತ್ತಿಗೆ ಕಣಕಿ ಹಾಕಿದಾವ ಯಾರು?"

"ಎತ್ತು ಅವಂಗೂ ಬೇಕಾಗಿತ್ತಲ್ಲ, ಹಾಕಿದ."

"ಮತ್ತ ದವಾಖಾನಿ?"

ಗಾಳೆಪ್ಪ ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿಯತೊಡಗಿದ. ಸಂಶಯಕ್ಕೆ ಒಂದು ವಿಚಿತ್ರ ಹಸಿವಿದೆ. ಅದು ತನಗೆ ವಿರುದ್ಧವಾದುದನ್ನೂ ತಿಂದೇ ಬೆಳೆಯುತ್ತದೆ. ನನ್ನನ್ನು ಊರಿನಿಂದ ದೂರ ಮಲಗಿಸಿದ ಮೇಲೆ ತಾನೇ ಅವನಿಗೆ ಬದುವಿನ ಮೇಲೆ ಒಬ್ಬನೇ ನಿಲ್ಲಲು ಆದದ್ದು, ಎಂದು ಗಾಳೆಪ್ಪನಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ನಾಚಿಕೆಯೂ ಆಯಿತು. ನಾಚಿಕೆಯಾದುದರಿಂದ ಸಿಟ್ಟು ಇನ್ನಷ್ಟು ಏರಿತು.

ಬಿಸಿಲು ಇಳಿಯುವ ಹೊತ್ತಿಗೆ ಅವನು ಅಹ್ಮದಸಾಬನ ಮನೆಗೆ ಹೋದ. ಹಳೆಯ ಕಾಲದ ಮನೆ. ತಲೆಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಬಲಕ್ಕೆ ಮನುಷ್ಯರು ಕುಳಿತುಕೊಳ್ಳುವ ಎತ್ತರದ ಕಟ್ಟೆ. ಎರಡು ಎತ್ತುಗಳೂ ಒಂದೇ ಮೇವಿನ ರಾಶಿಗೆ ಬಾಯಿ ಹಾಕಿದ್ದವು. ಅಹ್ಮದಸಾಬ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಒಳಗಿನಿಂದ ಅವನ ಹೆಂಡತಿ ಕಾಸಿಂಬಿ ಬಂದು, ಕೌದಿ ಹಾಸಿದಳು.

"ಬರ್ರಿ ಅಣ್ಣಾ. ನಿನ್ನೆ ಬಂದೀರಂತ ಗೊತ್ತಾತು, ನಾವ ಬರಾವ್ರಿದ್ವಿ. ದಣಿವು ಆರಿಸ್ಕೊಳ್ಳಿ ಅಂತ ಸುಮ್ನಾದ್ವಿ. ಕಾಲು ಮ್ಯಾಲಿಟ್ಟು ಕುಂದರ್ರಿ. ಚಾ ಇಡ್ತೇನಿ."

"ಚಾ ಬ್ಯಾಡ ತಂಗಿ."

"ಬ್ಯಾಡ ಅಂದ್ರ ಯಾರು ಬಿಡ್ತಾರ?" ಅವಳು ಒಳಗೆ ಹೋದಳು.

ಗಾಳೆಪ್ಪ ಕುಳಿತುಕೊಳ್ಳಲಿಲ್ಲ. "ಅಹ್ಮದ, ಎತ್ತು ಬಿಡಿಸ್ಕೊಂಡು ಹೋಗಾಕ ಬಂದೇನಿ. ನಾಳೆ ಅಮೀನಗಡಕ್ಕ ಹೊಡೀತೇನಿ."

ಹಗ್ಗ ಹೊಸೆಯುವ ಅಂಗೈ ನಿಂತಿತು. "ಮಾರಾಕೇನು?"

"ಹೌದು."

"ಕೇಳಾಕ ಬಂದಿಯೋ, ಹೇಳಾಕ ಬಂದಿಯೋ?"

"ಹೇಳಾಕ."

ಅಹ್ಮದಸಾಬ ಹಗ್ಗವನ್ನು ಪಕ್ಕಕ್ಕಿಟ್ಟ. ಅವನ ಗಡ್ಡ ಈ ಕೆಲವು ವಾರಗಳಲ್ಲಿ ಮತ್ತಷ್ಟು ಬೆಳ್ಳಗಾದಂತಿತ್ತು. "ಏನಾತು ಹೇಳು, ಗಾಳೆಪ್ಪ. ನಿಂತ ಹೇಳು, ಕುಂತ ಹೇಳು, ಆದ್ರ ಹೇಳು."

"ಸರ್ವೇದವ್ರ ಜೋಡಿ ಬದುವಿನ ಮ್ಯಾಲ ನಿಂತಿದ್ದಿ."

"ನಿಂತಿದ್ದೆ."

"ದವಾಖಾನಿಗೆ ಬಂದಾಗ ಬಾಯಿ ಬಿಡಲಿಲ್ಲ."

"ಎಲಬು ಮುರಕೊಂಡು ಮಲಗಿದಾವಂಗ ಹೊಲದ ಸುದ್ದಿ ಹೇಳಿ, ಅವನ ಎದಿ ಒಡೀಲೇನು? ಬಂದ ಮ್ಯಾಲ ಹೇಳಿದ್ರಾತು ಅಂದ್ಕೊಂಡೆ."

"ಏನು ತೋರಿಸಿದಿ ಅವರಿಗೆ?"

"ನನ್ನ ಬಾವಿ ತೋರಿಸಿದೆ. ಬಾವಿ ಇದ್ದ ಕಡೆ ಬೇಲಿ ತರೂದು ತ್ರಾಸು ಅಂತ ಅವರ ಅಂದ್ರು, ಅದಕ್ಕ ತೋರಿಸಿದೆ. ನಿನ್ನ ಹೊಲದ ಸುದ್ದಿ ನಾ ಎತ್ತಲಿಲ್ಲ." ಅವನು ಪಕ್ಕಕ್ಕಿಟ್ಟ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡ. "ಅವರ ಕೇಳಿದ್ರು. ಆ ಕಡೆ ಬಾವಿ ಐತೇನು ಅಂತ. ಇಲ್ಲ ಅಂದೆ."

"ಇಲ್ಲ ಅಂದಿ."

"ಇಲ್ಲಲ್ಲ. ಐತಿ ಅಂದಿದ್ರ ಬಂದು ನೋಡತಿದ್ರು."

"ನೋಡತಿದ್ರು, ನೋಡ್ಲಿ. ಒಂದು ದಿನಾ ತಡಾ ಆಗತಿತ್ತು. ಗೊತ್ತಿಲ್ಲ ಅನ್ನಾಕ ಏನಾಗಿತ್ತು ನಿನಗ?"

ಅಹ್ಮದಸಾಬ ಹಣೆಯನ್ನು ಅಂಗೈಯಿಂದ ಒರೆಸಿಕೊಂಡ. ನಿಜವನ್ನೇ ಹೇಳಿದ್ದ, ಆ ನಿಜ ಯಾರ ಬದಿಗೆ ವಾಲಿತೆಂಬುದು ಅವನಿಗೂ ಆ ದಿನದಿಂದ ಗೊತ್ತಿದ್ದಂತೆ ಕಂಡಿತು. ಗಾಳೆಪ್ಪನಿಗೆ ಒಳಗೊಳಗೇ ಒಂದು ಕಹಿಯಾದ ನೆಮ್ಮದಿಯಾಯಿತು. ತಾನು ಸುಮ್ಮನೆ ಶಂಕಿಸಿರಲಿಲ್ಲ.

ಕಾಸಿಂಬಿ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಷ್ಟೂ ಮಾತು ಅವಳ ಕಿವಿಗೆ ಬಿದ್ದಿತ್ತು. ಕಪ್ಪುಬಸಿಯನ್ನು ಕಟ್ಟೆಯ ಮೇಲಿಟ್ಟಳು.

"ಇದು ನ್ಯಾಯಲ್ಲರಿ ಅಣ್ಣಾ. ನಿಮ್ಮ ಭೂಮಿಗೆ ಕೇಡು ಬಯಸಿದ್ರ ಇವರು ಎಳ್ಳಮಾಸಿ ದಿನಾ ಹಂಗ ಮಾಡತಿದ್ರೇನು?"

"ನೀ ಸುಮ್ನಿರು" ಎಂದ ಅಹ್ಮದಸಾಬ.

"ಯಾಕ ಸುಮ್ನಿರಲಿ? ಹೇಳಬ್ಯಾಡ ಹೇಳಬ್ಯಾಡ ಅಂತ ಇಷ್ಟು ದಿನಾ ಬಾಯಿ ಕಟ್ಟಿದ್ರಿ." ಅವಳು ಗಾಳೆಪ್ಪನತ್ತ ತಿರುಗಿದಳು. "ನೀವಿಬ್ಬರೂ ದವಾಖಾನ್ಯಾಗ ಇದ್ರಲ್ಲ. ಪ್ರತಿ ವರ್ಷ ನಿಮ್ಮ ಚರಗದ ಊಟಾ ನಾವು ಬದುವಿನ ಮ್ಯಾಲ ಕುಂತು ಉಂಡಾವ್ರು. ಈ ಸಲ ಭೂಮಿ ಉಪಾಸ ಇರಬಾರದು ಅಂತ ಇವರ ಅಂದ್ರು. ನಾ ಸಜ್ಜಿ ರೊಟ್ಟಿ ಮಾಡಿದೆ, ಶೇಂಗಾದ ಹೋಳಗಿ ಮಾಡಿದೆ, ಪುಂಡಿ ಪಲ್ಯೆ ಮಾಡಿದೆ. ಇವರು ಹಳ್ಳದಾಗ ಇಳದು ಐದು ಕಲ್ಲು ಆರಿಸಿ, ತೊಳದು, ಸುಣ್ಣಾ ಬಳದು ನಿಮ್ಮ ಪಾಂಡವರನ್ನ ಕುಂದರಿಸಿದ್ರು."

ಗಾಳೆಪ್ಪ ಕಪ್ಪುಬಸಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಎಳ್ಳಮಾವಾಸ್ಯೆಯಂದು ಬನ್ನಿಯ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲಿಟ್ಟು, ಪಾಂಡವರೆಂದು ಪೂಜಿಸಿ, ಎಡೆಯ ಅನ್ನವನ್ನು ಬೆಳೆಯ ಮೇಲೆ ಚೆಲ್ಲುವುದು ಅವನ ಅಪ್ಪನ ಕಾಲದಿಂದಲೂ ಅವನದೇ ಕೆಲಸ. ಅವನ ಕೈಯಲ್ಲದೆ ಬೇರೊಂದು ಕೈ ಆ ಕಲ್ಲುಗಳನ್ನು ಮುಟ್ಟಬಹುದೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ.

"ಗಿಡದ ಬುಡಕ್ಕ ಇಡಬೇಕಾಗಿತ್ತು, ಖರೆ. ಆದ್ರ ಸರ್ವೇದವ್ರು ಮುಳ್ಳು ಕಡದು ಬುಡಾನ ಮುಚ್ಚಿಬಿಟ್ಟಿದ್ರು. ಅದಕ್ಕ ಬದುವಿನ ಮ್ಯಾಲ ಇಟ್ವಿ. ಕುಂಕುಮ ನಮ್ಮ ಮನ್ಯಾಗ ಇರಲಿಲ್ಲ. ಯಾರನ್ನ ಕೇಳೂದು, ಕೇಳಿದ್ರ ಏನಂತಾರ ಅಂತ ಬಿಟ್ವಿ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ." ಅಷ್ಟು ಬೇಸರದಲ್ಲೂ ಅವಳ ತುಟಿಯಲ್ಲಿ ನಗೆ ಸುಳಿಯಿತು. "ಚರಗಾ ಚೆಲ್ಲೂವಾಗ ಹುಲ್ಲುಲ್ಲಿಗೋ ಅಂತ ನೀವು ಹಳ್ಳದ ಆಚೆ ಕೇಳೂಹಂಗ ಒದರ್ತಿದ್ರಿ. ಇವರು ನಾಚಿಕೊಂಡು, ಪಿಸುಮಾತು ಆಡಿದಂಗ ಆಡಿದ್ರು. ನಾ ಹಿಂದ ನೀರು ಚಿಮುಕಿಸ್ಕೋಂತ ಹೋದೆ."

ಎತ್ತೊಂದು ಮೇವು ಜಗ್ಗುವ ಸದ್ದು ಕೇಳುತ್ತಿತ್ತು. ಗಾಳೆಪ್ಪನ ಕಣ್ಣು ತನ್ನ ಬಲಗೈಯ ಮೇಲೆ ಬಿತ್ತು. ಐದು ಎಂದಳಲ್ಲ, ಅವನು ಕಂಡದ್ದು ನಾಲ್ಕು. ಒಂದು ನಾಯಿಯ ಕಾಲಿಗೋ ನವಿಲಿನ ಕಾಲಿಗೋ ಸಿಕ್ಕು ಜೋಳದ ಸಾಲಿಗೆ ಉರುಳಿರಬೇಕು. ಐದಿದ್ದಿದ್ದರೆ ಗುರುತಿಸುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡ. ಗುರುತಿಸುತ್ತಿದ್ದೆ ಎನ್ನಲು ಧೈರ್ಯ ಬರಲಿಲ್ಲ.

ಅಹ್ಮದಸಾಬ ಕಟ್ಟೆಯಿಂದ ಇಳಿದ. "ಮುಂಜಾನೆ ಹೊಲಕ್ಕ ಹೋಗಿದ್ದಿ ಅಂತ ಕೇಳಿದೆ."

"ಹೋಗಿದ್ದೆ."

"ಕಲ್ಲು ಅದಾವೇನು?"

ಆ ಪ್ರಶ್ನೆ ಬಹಳ ಮೆಲ್ಲಗಿತ್ತು. ಅಷ್ಟು ಮೆಲ್ಲಗೆ ಏಕೆ ಕೇಳಿದನೆಂದು ಗಾಳೆಪ್ಪ ಯೋಚಿಸಿದ. ಗೊತ್ತಿಲ್ಲದವನು ಹೀಗೆ ಕೇಳುತ್ತಾನೆಯೇ, ಗೊತ್ತಿರುವವನು ಹೀಗೆ ಕೇಳುತ್ತಾನೆಯೇ? ಕಾಸಿಂಬಿ ಅವನ ಮುಖವನ್ನೇ ನೋಡುತ್ತಿದ್ದಳು.

"ಅದಾವ" ಎಂದ.

"ಹೌದಾ." ಅಹ್ಮದಸಾಬ ಗೂಟದ ಬಳಿಗೆ ಹೋದ, ಬೆನ್ನು ಈ ಕಡೆಗಿತ್ತು. "ನಾನೂ ಮಧ್ಯಾಹ್ನ ಹೋಗಿದ್ದೆ, ಮೈ ತೊಳ್ಯಾಕ ಎತ್ತು ಹೊಡಕೊಂಡು. ಹಳ್ಳದ ನೀರು ಭಾಳ ತಿಳಿ ಆಗ್ಯಾವ, ಗಾಳೆಪ್ಪ. ತಳದಾಗಿನ ಕಲ್ಲು ಸೈತ ಕಾಣತಾವ."

ಕಾಸಿಂಬಿ ಒಬ್ಬರಿಂದ ಇನ್ನೊಬ್ಬರತ್ತ ನೋಡಿದಳು. ಅವಳಿಗೆ ಏನೂ ತಿಳಿಯಲಿಲ್ಲ. ಗಾಳೆಪ್ಪನ ಬಾಯಿಯವರೆಗೆ ಒಂದು ಮಾತು ಬಂದಿತು. ಅದನ್ನು ಆಡಿದ್ದರೆ ಎತ್ತು ಗೂಟದಲ್ಲೇ ಉಳಿಯುತ್ತಿತ್ತೇನೋ. ಆದರೆ ಆ ಮಾತಿನ ಬೆನ್ನಿಗೇ ಬಾವಿಯ ಮಾತು ಬಂದು ನಿಂತಿತು. ಇಲ್ಲ ಅಂದನಲ್ಲ, ಎಷ್ಟು ಸುಲಭವಾಗಿ ಇಲ್ಲ ಅಂದುಬಿಟ್ಟನಲ್ಲ. ಎರಡೂ ಒಂದನ್ನೊಂದು ತಡೆದವು; ಅವನು ಗೂಟದತ್ತ ಒಂದು ಹೆಜ್ಜೆ ಇಟ್ಟ.

"ಚಾ ಆರೇತಿ" ಎಂದಳು ಕಾಸಿಂಬಿ.

ಅಹ್ಮದಸಾಬ ಗಾಳೆಪ್ಪನ ಎತ್ತಿನ ಕಣ್ಣಿಯನ್ನು ಬಿಚ್ಚಿದ. ಕೊರಳಿನ ಕೆಳಗೆ ಕೈಯಾಡಿಸಿ, ಅಲ್ಲಿ ಹತ್ತಿದ್ದ ಉಣ್ಣಿಯೊಂದನ್ನು ಕಿತ್ತು ನೆಲಕ್ಕೆ ಹಾಕಿ ಹೊಸಕಿದ. "ಸಂತ್ಯಾಗ ಹೇಳು, ಇದು ಎಡಕ್ಕ ಹೂಡಿದ ಎತ್ತು ಅಂತ. ಬಲಕ್ಕ ಹೂಡಿದ್ರ ಅಂಜತೈತಿ. ತಗೊಂಡಾವ ಬಡೀಬಾರದು."

"ಹೇಳ್ತೇನಿ."

"ಕಾಲು ಜ್ವಾಕಿ."

ಕಣ್ಣಿಯ ತುದಿ ಕೈಯಿಂದ ಕೈಗೆ ಬಂದಿತು. ಗಾಳೆಪ್ಪ ಒಂದು ಕೈಯಲ್ಲಿ ಕಣ್ಣಿ, ಇನ್ನೊಂದರಲ್ಲಿ ಊರುಗೋಲು ಹಿಡಿದು ಬಾಗಿಲ ಕಡೆ ತಿರುಗಿದ. ಎತ್ತು ಹಿಂದೆ ಬಂದಿತು. ಅದು ನಡುವಿನಲ್ಲಿ ನಡೆಯಲಿಲ್ಲ. ಎಡಕ್ಕಿದ್ದ ಕಟ್ಟೆಗೆ ಮೈ ತಾಗುವಷ್ಟು ಸರಿದು, ಬಲಕ್ಕೆ ಇನ್ನೊಂದು ಎತ್ತು ಹಿಡಿಯುವಷ್ಟು ಜಾಗ ಬಿಟ್ಟುಕೊಂಡು ನಡೆಯಿತು. ಒಳಗೆ ಉಳಿದದ್ದು ಮೇವು ಬಿಟ್ಟು ತಲೆಯೆತ್ತಿತು. ಎರಡು ಹೆಜ್ಜೆ ಮುಂದೆ ಬಂದು, ಹಗ್ಗ ಬಿಗಿಯುತ್ತಲೇ ಕೊರಳು ಕೊಡವಿ ಜಗ್ಗತೊಡಗಿತು. ಗೂಟ ಅಲುಗಿತು.

"ಲಗೂನ ದಾಟಸು. ಇದು ಕಿತಗೊಂಡು ಬರತೈತಿ" ಎಂದ ಅಹ್ಮದಸಾಬ, ಅದರ ಮೂಗುದಾರ ಹಿಡಿದು.

ಗಾಳೆಪ್ಪ ಹೊಸ್ತಿಲು ದಾಟಿದ. ಎತ್ತಿನ ಹಿಂಗಾಲುಗಳು ದಾಟಿದವು. ಓಣಿಯ ಬೆಳಕಿಗೆ ಬಂದ ಮೇಲೆ ಅವನು ನಿಂತ. ಹಿಂದಿರುಗಿ ನೋಡಬೇಕೆಂದು ಊರುಗೋಲನ್ನು ಆ ಕಡೆಗೆ ಊರಿದ. ಅಷ್ಟರಲ್ಲಿ ಕಾಸಿಂಬಿ ಎರಡೂ ಕದಗಳನ್ನು ತಳ್ಳಿ ಮುಚ್ಚಿದಳು. ಒಳಗೆ ಅಗಳಿ ಬಿದ್ದ ಸದ್ದು ಕೇಳಿಸಿತು.